ಕಣ್ಣಕ್ಕನ ಕೋಣೆಯಲ್ಲಿ ನಾನಿಟ್ಟ ಚುಕ್ಕಿ

ನಮ್ಮಕ್ಕ ಕಣ್ಣು ಮಾಡುತ್ತಾಳೆ. ಹೀಗೆಂದರೆ ಹೊಸಬರು ಮೊದಲು ನಗುತ್ತಾರೆ, ಆಮೇಲೆ ನಾನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿ ಸುಮ್ಮನಾಗುತ್ತಾರೆ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಆ ಗುಳಿಯಲ್ಲಿ ಕೂರಿಸುವ ಕೃತಕ ಕಣ್ಣು ಅದು. ಅದಕ್ಕೆ ಏನೂ ಕಾಣಿಸುವುದಿಲ್ಲ. ಎದುರಿಗಿರುವವರಿಗೆ ಸರಿಯಾಗಿ ಕಂಡರೆ ಆಯಿತು. ಕಣ್ಣಾಸ್ಪತ್ರೆಯ ನೆಲಮಹಡಿಯಲ್ಲಿ, ಉದ್ದನೆಯ ಓಣಿಯ ಕಟ್ಟಕಡೆಗೆ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ಅವಳ ಕೋಣೆ. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತಿದ್ದಾಳೆ. ವಾಚ್‌ಮನ್‌ನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅವಳನ್ನು ಕಣ್ಣಕ್ಕ ಎಂದೇ ಕರೆಯುವುದು.

ಬರುವ ತಿಂಗಳು ಅವಳಿಗೆ ನಿವೃತ್ತಿ. ಆಸ್ಪತ್ರೆಯವರು ಅವಳ ಬಗ್ಗೆ ಒಂದು ಪುಸ್ತಿಕೆ ತರುತ್ತಾರಂತೆ. "ನೀವೇ ಬರ್ಕೊಡಿ ಸರ್, ನೀವು ಕಲಾವಿದರು" ಎಂದು ನನ್ನನ್ನು ಕೇಳಿದರು. ಬರೆದುಕೊಟ್ಟೆ. ಅದರಲ್ಲಿ ಸೇವೆ, ಶ್ರದ್ಧೆ, ತಾಳ್ಮೆ ಎಲ್ಲ ತುಂಬಿ ತುಳುಕುತ್ತಿವೆ, ನಾನು ಮಾಡಿದ್ದು ಮಾತ್ರ ಇಲ್ಲ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಿತ್ರಕಲಾ ಕಾಲೇಜಿನಲ್ಲಿ ಮೇಷ್ಟ್ರು, ಭಾವಚಿತ್ರ ನನ್ನ ವಿಷಯ. ಪ್ರತಿ ವರ್ಷ ಹೊಸ ತರಗತಿಯ ಮೊದಲ ದಿನ ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ 'ಕಲೆ', ಬಲಕ್ಕೆ 'ಕಸುಬು' ಎಂದು ಬರೆಯುತ್ತಿದ್ದೆ. ಕುರ್ಚಿ, ಮಡಕೆ, ಹೊಲಿಗೆ, ಅಂಗಡಿಯ ಬೋರ್ಡು ಎಲ್ಲ ಬಲಕ್ಕೆ. ಉಪಯೋಗಕ್ಕೆ ಬರುವುದು ಕಸುಬು; ಯಾವ ಉಪಯೋಗಕ್ಕೂ ಬಾರದೆ, ಆದರೂ ಹೋಗುವವನನ್ನು ತಡೆದು ನಿಲ್ಲಿಸಿ ನೋಡುವಂತೆ ಮಾಡುವುದು ಕಲೆ. ಇಪ್ಪತ್ತಾರು ವರ್ಷ ಇದೇ ತುತ್ತೂರಿ ಊದಿದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆಯಲ್ಲಿ ಹಾಗೇ ಕಕ್ಕಿದರು, ಪಾಸಾದರು.

ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾವ ತೀರಿಕೊಂಡ ಮೇಲೆ ಭಾನುವಾರದ ಊಟಕ್ಕೆ ಅವಳು ನಮ್ಮಲ್ಲಿಗೇ ಬರುತ್ತಿದ್ದಳು. ಒಂದು ಭಾನುವಾರ ನಾನು ಈ ಪಾಠವನ್ನು ಊಟದ ಮೇಜಿಗೂ ತಂದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ನಂದು ಯಾವ ಕಡೆಗೋ?" ಅಂದಳು.

"ಬಲಗಡೆಗೆ ಅಕ್ಕ. ಬೇಜಾರು ಮಾಡ್ಕೋಬೇಡ."

"ಬೇಜಾರ್ಯಾಕೆ. ಎಡಗಡೆ ಇರೋದು ಯಾತಕ್ಕೆ ಬೇಕು, ಅದೊಂದು ಹೇಳು."

ಹೇಳತೊಡಗಿದೆ. ಸೌಂದರ್ಯದಿಂದ ಶುರುಮಾಡಿ, ಅನುಭವಕ್ಕೆ ಬಂದು, ಸತ್ಯದ ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ನನ್ನ ಹೆಂಡತಿ ತಟ್ಟೆ ಎತ್ತುತ್ತಾ, "ಯಾವ ಉಪಯೋಗಕ್ಕೂ ಬರಲ್ಲ ಅಂತಿದ್ರಲ್ಲ, ಪಾಪ ಅವರ ನಿದ್ದೆಗಾದ್ರೂ ಬಂತು" ಅಂದಳು. ಆ ದಿನ ಇಬ್ಬರ ಮೇಲೂ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಮಾಡಿಕೊಳ್ಳಲು ನನಗೆ ದೊಡ್ಡ ಕಾರಣ ಬೇಕಾಗುವುದಿಲ್ಲ.

ಅಕ್ಕ ಕೆಲಸ ಮಾಡುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಗುಳಿಯ ಅಚ್ಚು ತೆಗೆಯುವುದು, ಪ್ಲಾಸ್ಟಿಕ್ ಬೇಯಿಸುವುದು, ಉಜ್ಜಿ ನುಣುಪು ಮಾಡುವುದು, ಇದೆಲ್ಲ ಅವಳ ಜೊತೆಗಿರುವ ಟೆಕ್ನಿಷಿಯನ್ ನೋಡಿಕೊಳ್ಳುತ್ತಾನೆ. ಅಕ್ಕನದು ಬಣ್ಣ. ಅಂಗಿ ಗುಂಡಿಯಷ್ಟು ಅಗಲದ ಕಪ್ಪು ಬಿಲ್ಲೆಯ ಮೇಲೆ, ನಾಲ್ಕೈದು ಕೂದಲಿರುವ ಕುಂಚದಲ್ಲಿ, ಪದರದ ಮೇಲೆ ಪದರ ಬಣ್ಣ ಕೂರಿಸುತ್ತಾಳೆ. ಕಂದು ಕಣ್ಣು ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ; ಅವಳಿಗೆ ಅದರಲ್ಲಿ ಹಸಿರುಂಟು, ಬೂದಿಯುಂಟು, ಅಂಚಿನಲ್ಲಿ ಮಸುಕು ನೀಲಿಯುಂಟು. ಬಿಳಿ ಭಾಗಕ್ಕೆ ಕೆಂಪು ರೇಷ್ಮೆ ದಾರದ ಎಳೆಯನ್ನು ಉಗುರಿನಿಂದ ಸೀಳಿ, ಸೀಳಿದ್ದನ್ನು ಮತ್ತೆ ಸೀಳಿ, ನರಗಳಂತೆ ಅಂಟಿಸುತ್ತಾಳೆ. ಮನುಷ್ಯ ಎದುರಿಗೆ ಕೂತಿರುತ್ತಾನೆ, ಉಳಿದ ಒಂದು ಕಣ್ಣನ್ನು ನೋಡುತ್ತಾ ಅದರ ಜೋಡಿಯನ್ನು ಬರೆಯುತ್ತಾಳೆ. ಕೆಲಸದ ಉದ್ದಕ್ಕೂ ಮಾತು. ಮನೆ, ಮಕ್ಕಳು, ಅತ್ತೆ, ನಾದಿನಿ, ಬಾಡಿಗೆ ಮನೆಯ ನಲ್ಲಿ, ಯಾವುದೂ ಬಿಡುವುದಿಲ್ಲ. ಮಾತಾಡಿದರೆ ಕಣ್ಣು ಆಡುತ್ತದೆ, ಅದು ಅವಳಿಗೆ ಬೇಕು.

ಕಣ್ಣು ಸಿದ್ಧವಾದ ದಿನ ಅವಳದೊಂದು ಪರೀಕ್ಷೆ. ರೋಗಿಯನ್ನು ಕರೆದುಕೊಂಡು ಆಸ್ಪತ್ರೆಯ ಎದುರಿನ ಔಷಧದಂಗಡಿಗೆ ಹೋಗುತ್ತಾಳೆ. "ಹೋಗಿ ಒಂದು ಹತ್ತಿ ಸುರುಳಿ ಕೇಳು" ಎಂದು ಅವನನ್ನು ಮುಂದೆ ಬಿಟ್ಟು ತಾನು ಪಕ್ಕಕ್ಕೆ ನಿಲ್ಲುತ್ತಾಳೆ. ಅವಳು ನೋಡುವುದು ರೋಗಿಯನ್ನಲ್ಲ, ಅಂಗಡಿಯವನ ಮುಖವನ್ನು. ಅಂಗಡಿಯವನು ಒಂದು ಸಲ ನೋಡಿ ಹತ್ತಿ ಕೊಟ್ಟರೆ ಪಾಸು. ಇನ್ನೊಂದು ಸಲ ಕಣ್ಣೆತ್ತಿ ನೋಡಿದರೆ, ಮತ್ತೆ ಕೋಣೆಗೆ ಬಂದು ಮೊದಲಿನಿಂದ ಶುರು. ಆ ಅಂಗಡಿಯವನಿಗೆ ತಾನು ಪರೀಕ್ಷಕ ಎಂಬುದು ಇಂದಿಗೂ ಗೊತ್ತಿಲ್ಲ. ಕಣ್ಣಾಸ್ಪತ್ರೆಗೆ ಬರುವವರಿಗೆಲ್ಲ ಇಷ್ಟೊಂದು ಹತ್ತಿ ಯಾಕೆ ಬೇಕು ಎಂದು ಮಾತ್ರ ಒಮ್ಮೆ ಅಕ್ಕನನ್ನೇ ಕೇಳಿದ್ದನಂತೆ.

ನಾಲ್ಕು ವರ್ಷದ ಹಿಂದೆ, ನಮ್ಮ ಕಾಲೇಜಿಗೆ ರಜೆ ಶುರುವಾದ ವಾರವೇ, ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅವಳ ಕೋಣೆಯಲ್ಲಿ ಆಗ ಒಬ್ಬ ಹುಡುಗಿಯ ಕಣ್ಣು ಅರ್ಧಕ್ಕೆ ನಿಂತಿತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದವಳು. ಗಾಳಿಗೆ ಕಿಟಕಿಯ ಗಾಜು ಒಡೆದು ಎಡಗಣ್ಣು ಹೋಗಿತ್ತು. ಎರಡು ವರ್ಷದಿಂದ ಅವಳನ್ನು ಹಿಂದಿನ ಕೋಣೆಯಲ್ಲಿ, ಕಪ್ಪು ಕನ್ನಡಕ ಹಾಕಿಸಿ, ಹಳೆ ಕಾಗದದ ಕಟ್ಟುಗಳ ಮಧ್ಯೆ ಕೂರಿಸಿದ್ದರು. ಕಣ್ಣು ಹಾಕಿಸಿಕೊಂಡು ಬಂದರೆ ಹದಿನೈದು ದಿನ ಕೌಂಟರಿನಲ್ಲಿ ಕೂರಿಸಿ ನೋಡುತ್ತೇವೆ, ಸರಿಹೋದರೆ ಅಲ್ಲೇ ಇರಬಹುದು, ಇಲ್ಲವಾದರೆ ಆ ಕುರ್ಚಿ ಬೇರೆಯವರಿಗೆ ಎಂದು ಮೇಲಿನವರು ಹೇಳಿದ್ದರು. ಅವಳು ಕೌಂಟರಿಗೆ ಹಾಜರಾಗಬೇಕಾದ ದಿನಕ್ಕೆ ಇನ್ನು ಎಂಟು ದಿನ ಉಳಿದಿತ್ತು.

"ನಿಮ್ಮ ತಮ್ಮ ಚಿತ್ರ ಬರೀತಾರಲ್ಲ, ನೀವು ಪಕ್ಕದಲ್ಲಿ ಕೂತು ಹೇಳಿ, ಅವರು ಬರೀಲಿ" ಎಂದು ದೊಡ್ಡ ಡಾಕ್ಟರು ಸೂಚಿಸಿದರು. ಅಕ್ಕನಿಗೆ ಮನಸ್ಸಿರಲಿಲ್ಲ, ನನಗೆ ಸ್ವರ್ಗ ಮೂರೇ ಗೇಣು. ನಿಜ ಹೇಳುತ್ತೇನೆ, ಆ ಹುಡುಗಿಯ ಮೇಲಿನ ಕನಿಕರ ನನ್ನ ತಲೆಯಲ್ಲಿ ಎಷ್ಟನೆಯದೋ ಆಗಿತ್ತು. ಕಸುಬಿನವರ ನಡುವೆ ಒಬ್ಬ ಕಲಾವಿದ ಕೂತರೆ ಏನಾಗುತ್ತದೆ ಎಂದು ತೋರಿಸುವ ಆಸೆ ಮೊದಲನೆಯದು.

ಎರಡು ದಿನ ಬರೆದೆ. ಚೆನ್ನಾಗಿಯೇ ಬರೆದೆ. ಅಕ್ಕ ಎಡಗೈಯಲ್ಲಿ ಭೂತಗನ್ನಡಿ ಹಿಡಿದು, "ಇಲ್ಲಿ ಇನ್ನಷ್ಟು ಬೂದಿ... ಸಾಕು... ಅಂಚು ಕರಗಿಸು" ಎನ್ನುತ್ತಿದ್ದಳು. ಹುಡುಗಿ ತನ್ನ ಕೌಂಟರಿನ ಕತೆಗಳನ್ನು ಹೇಳುತ್ತಿದ್ದಳು. ಬಸ್ಸು ಹೋದ ಮೇಲೆ ಬಂದು ಅದೇ ಬಸ್ಸಿಗೆ ಟಿಕೆಟ್ ಕೇಳಿ ಜಗಳ ಆಡುವವರು, ಎಲ್ಲಿಗೆ ಹೋಗಬೇಕೆಂದು ಹೆಂಡತಿಗೆ ಫೋನ್ ಮಾಡಿ ಕೇಳುವ ಗಂಡಂದಿರು. ಆ ಜಗಳಗಂಟರನ್ನೆಲ್ಲ ಅವಳು ನೆಂಟರನ್ನು ನೆನೆಸಿಕೊಂಡ ಹಾಗೆ ನೆನೆಸಿಕೊಳ್ಳುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಅಕ್ಕ ಬಿಲ್ಲೆಯನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ ಕಣೋ. ನಿನ್ನ ಕೈ ಒಳ್ಳೇದಿದೆ" ಅಂದಳು. ಆಮೇಲೆ, "ಇಲ್ಲಿಗೆ ಸಾಕು. ಇನ್ನೇನೂ ಮುಟ್ಬೇಡ. ಹೀಗೇ ಟೆಕ್ನಿಷಿಯನ್‌ಗೆ ಕೊಡು" ಎಂದು ಹೇಳಿ, ಕೈ ಊದಿಕೊಂಡಿದ್ದರಿಂದ ತೋರಿಸಿಕೊಳ್ಳಲು ಮೂಳೆ ಡಾಕ್ಟರ ಹತ್ತಿರ ಹೋದಳು.

ನಾನು ಮುಟ್ಟಿದೆ.

ಭಾವಚಿತ್ರ ಬರೆಯುವವರಿಗೆಲ್ಲ ಇದು ಗೊತ್ತು: ಕಣ್ಣು ಎಷ್ಟೇ ಚೆನ್ನಾಗಿ ಬಂದರೂ ಕೊನೆಯಲ್ಲಿ ಪಾಪೆಯ ಹತ್ತಿರ ಒಂದು ಬಿಳಿ ಚುಕ್ಕಿ ಇಡುವವರೆಗೆ ಅದು ಸತ್ತಂತೆ ಇರುತ್ತದೆ. ಕಿಟಕಿಯ ಬೆಳಕು ಕಣ್ಣಿನಲ್ಲಿ ಹೊಳೆಯುವ ಚುಕ್ಕಿ ಅದು. ಅದನ್ನಿಟ್ಟ ಕೂಡಲೇ ಮುಖಕ್ಕೆ ಜೀವ ಬರುತ್ತದೆ. ತರಗತಿಯಲ್ಲಿ ನಾನು ಆ ಚುಕ್ಕಿ ಇಡುವಾಗ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅಕ್ಕ ಇಪ್ಪತ್ತೇಳು ವರ್ಷ ಕಣ್ಣು ಬರೆದೂ ಈ ಗುಟ್ಟು ಕಲಿಯಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನಗು. ಗಡಿಯಾರದಲ್ಲಿ ಹತ್ತರ ಅಂಕಿ ಇರುವ ಜಾಗದಲ್ಲಿ, ಸಾಸಿವೆಗಿಂತ ಸಣ್ಣ ಚುಕ್ಕಿಯೊಂದನ್ನು ಇಟ್ಟೆ. ಟೆಕ್ನಿಷಿಯನ್ ಅದರ ಮೇಲೆ ಪಾರದರ್ಶಕ ಪದರ ಹಾಕಿ ಮುಚ್ಚಿದ.

ಮರುದಿನ ಕಣ್ಣು ಕೂರಿಸಿದಾಗ ಹುಡುಗಿ ಕನ್ನಡಿಯಲ್ಲಿ ನೋಡಿಕೊಂಡು ಬಾಯಿಗೆ ಕೈ ಇಟ್ಟುಕೊಂಡಳು. ನನಗಂತೂ ಬೆನ್ನು ತಟ್ಟಿಕೊಳ್ಳಲು ಎರಡು ಕೈ ಸಾಲದಾಯಿತು. ಆ ಕೋಣೆಯ ಕಿಟಕಿ ಎಡಕ್ಕಿದೆ. ನಿಜವಾದ ಬೆಳಕು ಬಂದು ಸರಿಯಾಗಿ ನನ್ನ ಚುಕ್ಕಿಯ ಮೇಲೇ ಬಿದ್ದು, ಎರಡೂ ಒಂದಾಗಿ ಕಾಣುತ್ತಿದ್ದವು. ಮೇಲಿನ ನುಣುಪು ಪದರಕ್ಕೆ ತನ್ನದೇ ಹೊಳಪುಂಟು, ಬೆಳಕು ಎಲ್ಲಿದೆಯೋ ಅಲ್ಲಿಗೆ ಅದು ಸರಿಯುತ್ತದೆ, ನನ್ನ ಚುಕ್ಕಿ ಮಾತ್ರ ಇಟ್ಟಲ್ಲೇ ಕೂತಿರುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಗೋಡೆಗೆ ನೇತುಹಾಕುವ ಮುಖಗಳನ್ನೇ ಬರೆದವನು ನಾನು. ನನ್ನ ಮುಖಗಳು ಯಾವತ್ತೂ ತಿರುಗಿದ್ದಿಲ್ಲ.

ಮೂಳೆ ಸರಿಯಾಗಿ ಕೂತಿಲ್ಲವೆಂದು ಅಕ್ಕನ ಪ್ಲಾಸ್ಟರ್ ಬಿಚ್ಚಿ ಮತ್ತೆ ಹಾಕಿ, ಮೂರು ವಾರ ಮನೆಬಿಟ್ಟು ಕದಲಬಾರದು ಎಂದಿದ್ದರು. ಅವಳು ಸಂಜೆ ಫೋನ್ ಮಾಡಿದಳು.

"ಹೇಗಾಯ್ತು?"

"ನೀನು ಹೇಳಿದ ಹಾಗೇ."

"ಔಷಧದಂಗಡಿಗೆ ಕರ್ಕೊಂಡು ಹೋದ್ಯಾ?"

"ಹೋದೆ."

"ನೋಡಿದ್ನಾ ಮತ್ತೆ?"

"ಇಲ್ಲ."

ಹೋಗಿರಲಿಲ್ಲ. ಹತ್ತಿ ಮಾರುವವನ ಸರ್ಟಿಫಿಕೇಟು ನನಗೆ ಯಾಕೆ ಬೇಕು ಎಂಬ ಜಂಬ. ಬೀದಿ ದಾಟಿದ್ದರೆ ಸಾಕಿತ್ತು. ಆ ಅಂಗಡಿಯಲ್ಲಿ ದೀಪ ಬಲಕ್ಕಿದೆ.

ಕೌಂಟರಿನಲ್ಲಿ ಕೂತ ಆರನೆಯ ದಿನ ಹುಡುಗಿ ಬಂದಳು. ಅಕ್ಕ ಇಲ್ಲದ್ದರಿಂದ ನಾನೇ ಕೋಣೆಯಲ್ಲಿದ್ದೆ, ಬಂದವರಿಗೆ ಸಮಯ ಬರೆದುಕೊಡುತ್ತಾ.

"ಸರ್, ಜನ ನೋಡ್ತಾರೆ" ಅಂದಳು.

"ನೋಡದೆ ಏನು? ಕೌಂಟರಲ್ಲಿ ಕೂತ್ರೆ ನೋಡೇ ನೋಡ್ತಾರೆ."

"ಹಾಗಲ್ಲ ಸರ್. ಒಂದ್ಸಲ ನೋಡಿ, ಟಿಕೆಟ್ ತಗೊಂಡು, ಮತ್ತೆ ಬಗ್ಗಿ ನೋಡ್ತಾರೆ. ನಿನ್ನೆ ಒಬ್ರು, ಕಣ್ಣಿಗೆ ಏನೋ ಬಿದ್ದಿದೆ ನೋಡಿ ಅಂದ್ರು."

ಅವಳನ್ನು ಬಾಗಿಲ ಹತ್ತಿರ, ಓಣಿಯ ದೀಪದ ಕೆಳಗೆ ನಿಲ್ಲಿಸಿ ನೋಡಿದೆ. ಆಗ ಕಂಡಿತು. ಬಲಗಣ್ಣಿನಲ್ಲಿ ಒಂದು ಹೊಳಪು. ನಾನು ಬರೆದ ಕಣ್ಣಿನಲ್ಲಿ ಎರಡು. ಅವಳು ತಲೆ ತಿರುಗಿಸಿದರೆ ಒಂದು ಬೆಳಕಿನ ಕಡೆಗೆ ಸರಿಯುತ್ತಿತ್ತು, ಇನ್ನೊಂದು ಜಪ್ಪಯ್ಯ ಅಂದರೂ ಕದಲದೆ ಇಟ್ಟಲ್ಲೇ ಕೂತಿತ್ತು. ಆ ಗಳಿಗೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ತಪ್ಪಾಗಿದೆ, ಎರಡು ದಿನ ಕೊಡಿ, ಬದಲಾಯಿಸಿಕೊಡುತ್ತೇವೆ. ಬಿಚ್ಚಿ ಮಾಡಲು ಟೆಕ್ನಿಷಿಯನ್ ಇದ್ದ, ಕೇಳಿದರೆ ಹೇಳಿಕೊಡಲು ಮನೆಯಲ್ಲಿ ಅಕ್ಕ ಇದ್ದಳು, ಅವಳ ಹದಿನೈದು ದಿನದಲ್ಲಿ ಇನ್ನೂ ಒಂಬತ್ತು ಉಳಿದಿದ್ದವು. ಆದರೆ ಅಕ್ಕನಿಗೆ ಗೊತ್ತಾಗುತ್ತಿತ್ತು.

"ಹೊಸದಲ್ವಾ, ನಿಮಗೇ ಹಾಗನ್ಸುತ್ತೆ. ಅಭ್ಯಾಸ ಆಗುತ್ತೆ" ಅಂದೆ.

"ನಾನೇ ಸರಿಯಾಗಿ ನೋಡ್ತಿಲ್ವೇನೋ ಸರ್" ಅಂದಳು.

ಅದಕ್ಕೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹೌದು, ಅದೂ ಇರಬಹುದು ಅಂದೆ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ತಿರುಗಿಸಿದೆ. ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ. ಬೆಳಕು ಸದಾ ಎದುರಿಗಿರುವವರ ಎಡಕ್ಕೇ ಇರಲಿ, ಕುರ್ಚಿ ಹಾಗೆ ಹಾಕಿಕೊಳ್ಳಿ, ಕತ್ತು ಹೆಚ್ಚು ಆಡಿಸಬೇಡಿ ಎಂದು ಹೇಳಿಕೊಟ್ಟೆ. ರೂಪದರ್ಶಿಗಳನ್ನು ಕೂರಿಸಿ ಕೂರಿಸಿ ಪಳಗಿದ ಕೈ. ಎರಡು ಹೊಳಪೂ ಒಂದಾಗುವ ಭಂಗಿ ಸಲೀಸಾಗಿ ಸಿಕ್ಕಿತು. ನಾನಿಟ್ಟ ಒಂದು ಚುಕ್ಕಿಯ ಮರ್ಯಾದೆ ಉಳಿಸಲು ಜೀವಂತ ಹುಡುಗಿಯೊಬ್ಬಳನ್ನು ಚಿತ್ರ ಮಾಡಿ ಕಳಿಸಿದೆ. ಅವಳು ಕೈ ಮುಗಿದು, "ಥ್ಯಾಂಕ್ಸ್ ಸರ್, ಹೀಗೇ ಕೂರ್ತೀನಿ" ಎಂದು ಹೋದಳು.

ಕೂತಳು. ಕುರ್ಚಿಯನ್ನು ಓರೆ ಮಾಡಿಕೊಂಡು, ಎಂಟು ತಾಸು ಒಂದೇ ಕಡೆ ಕತ್ತು ಹಿಡಿದು, ಟಿಕೆಟ್ ಕೊಟ್ಟಳು. ಎದುರಿಗಿದ್ದವರನ್ನು ನೇರವಾಗಿ ನೋಡುವ ಹಾಗಿರಲಿಲ್ಲ. ಹದಿಮೂರನೆಯ ದಿನ ಕತ್ತು ಹಿಡಿದುಕೊಂಡು ತಿರುಗಿಸಲಾಗದೆ ರಜೆ ಹಾಕಿದಳು. ಹದಿನೈದನೆಯ ದಿನ ಮೇಲಿನವರು ಕರೆಸಿ, ನೀನು ಜನರ ಮುಖ ನೋಡಿ ಮಾತಾಡುವುದಿಲ್ಲ ಎಂಬ ದೂರಿದೆ ಎಂದು ಹೇಳಿ ಅವಳನ್ನು ಹಿಂದಿನ ಕೋಣೆಗೇ ಕಳಿಸಿದರು. ಕೌಂಟರಿನ ಕುರ್ಚಿ ಬೇರೆಯವರಿಗೆ ಹೋಯಿತು.

ಇದೆಲ್ಲ ನನಗೆ ತಿಳಿದದ್ದು ಅಕ್ಕ ಕೆಲಸಕ್ಕೆ ಮರಳಿದ ದಿನ. ಆ ಹುಡುಗಿ ಮತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಕತ್ತಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಅಕ್ಕನಿಗೆ ಎಲ್ಲ ಹೇಳಿದಳು, ಗೊಣಗಲಿಲ್ಲ, ಯಾರನ್ನೂ ದೂರಲಿಲ್ಲ. "ಸರ್ ಹೇಳ್ಕೊಟ್ಟ ಹಾಗೇ ಕೂತೆ ಅಕ್ಕ, ನನಗೇ ಆಗ್ಲಿಲ್ಲ" ಅಂದಳು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಕುಂಚ ಒರೆಸುತ್ತಿದ್ದೆ. ಒರೆಸಿದ ಕುಂಚವನ್ನೇ ಮತ್ತೆ ಒರೆಸುತ್ತಿದ್ದೆ.

ಅಕ್ಕ ಕನ್ನಡಕ ತೆಗೆಸಿದಳು. ಕಿಟಕಿಯ ಪರದೆ ಎಳೆದು, ಬಲಗಡೆಯ ದೀಪ ಹಾಕಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು, ಆದರೆ ನೆಲ ಆಸ್ಪತ್ರೆಯದು, ಗಟ್ಟಿಯಾಗಿತ್ತು.

"ತಪ್ಪು ನಂದು ಕಣಮ್ಮ" ಎಂದಳು ಅಕ್ಕ ಅವಳಿಗೆ. "ಇದರಲ್ಲಿ ಒಂದು ಚುಕ್ಕಿ ಬಂದ್ಬಿಟ್ಟಿದೆ. ಬರಬಾರದಾಗಿತ್ತು. ಅದಕ್ಕೇ ಜನ ನೋಡಿದ್ದು. ನಿಂದೇನೂ ತಪ್ಪಿಲ್ಲ."

"ನಿಮ್ಮ ಕೈ ಕಟ್ಟಿತ್ತಲ್ಲ ಅಕ್ಕ."

"ಕೈ ಕಟ್ಟಿತ್ತು, ಬಾಯಿ ಕಟ್ಟಿರಲಿಲ್ವಲ್ಲ. ಹೇಳಿದ್ದು ನಾನು, ಅವನು ಹೇಳಿದ ಹಾಗೆ ಮಾಡಿದ."

ಇಲ್ಲ, ನಾನು ಎಂದು ಎದ್ದು ನಿಲ್ಲಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ತರಗತಿಯಲ್ಲಿ ಎರಡು ತಾಸು ಬಿಡದೆ ಆಡುವ ನಾಲಿಗೆ ಏಳಲೇ ಇಲ್ಲ. ಹುಡುಗಿ ಅಕ್ಕನನ್ನು ಒಂದು ಗಳಿಗೆ ನೋಡಿದಳು. ಅವಳ ಕಣ್ಣಲ್ಲಿ, ಅಂದರೆ ನಿಜವಾದ ಕಣ್ಣಲ್ಲಿ, ನೀರು ತುಂಬಿತು. "ನಾನು ನನ್ನದೇ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿದಳು.

ಅವಳು ಹೋದ ಮೇಲೆ ನಾನು ಬಾಯಿ ತೆರೆದೆ. "ಅಕ್ಕ, ನನ್ನನ್ನ ಯಾಕೆ..."

"ನಿನ್ನ ಉಳಿಸೋಕೆ ಅಂದ್ಕೋಬೇಡ" ಅಂದಳು ಅವಳು, ಕುಂಚಗಳನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾ. "ಇಲ್ಲಿಗೆ ಬರೋರು ಮುಖ ಕೊಟ್ಟು ಕೂರ್ತಾರೆ. ಯಾರೋ ತನ್ನ ಜಂಬಕ್ಕೆ ನನ್ನ ಮುಖದ ಮೇಲೆ ಆಟ ಆಡಿದ ಅಂತ ಗೊತ್ತಾದ್ರೆ ಅವಳು ಇನ್ನೊಂದ್ಸಲ ಯಾರೆದುರೂ ಕೂರಲ್ಲ. ಕೈತಪ್ಪು ಅಂದ್ರೆ ತಡ್ಕೋತಾಳೆ." ಆಮೇಲೆ ಕೇಳಿದಳು: "ಔಷಧದಂಗಡಿಗೆ ಹೋಗಿರ್ಲಿಲ್ಲ ಅಲ್ವಾ?"

"ಇಲ್ಲ."

ಅವಳು ಕುಂಚಗಳನ್ನು ಡಬ್ಬಿಗೆ ಹಾಕಿದಳು. ಭಾನುವಾರ ಎಂದಿನಂತೆ ಊಟಕ್ಕೆ ಬಂದಳು. ಅನ್ನ ಬಡಿಸಿಕೊಂಡು ನನ್ನ ಹೆಂಡತಿಯೊಂದಿಗೆ ನಗುತ್ತಾ ಮಾತಾಡಿದಳು.

ಹೊಸ ಕಣ್ಣನ್ನು ಅಕ್ಕ ಇನ್ನೂ ನಡುಗುತ್ತಿದ್ದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬರೆದಳು. ಹನ್ನೊಂದು ದಿನ ತೆಗೆದುಕೊಂಡಳು. ಔಷಧದಂಗಡಿಗೆ ಮೂರು ಸಲ ಹೋದರಂತೆ, ಮೂರು ಹತ್ತಿ ಸುರುಳಿ ತಂದರಂತೆ. ಅಷ್ಟಾದರೂ ಹುಡುಗಿ ಹಿಂದಿನ ಕೋಣೆಯಲ್ಲೇ ಉಳಿದಳು, ಕುರ್ಚಿ ಖಾಲಿ ಇರಲಿಲ್ಲವಲ್ಲ. ಅಲ್ಲಿದ್ದವರು ಬೇರೆ ಕಡೆಗೆ ವರ್ಗವಾಗಿ ಅವಳನ್ನು ಮತ್ತೆ ಕರೆಯುವಷ್ಟರಲ್ಲಿ ಒಂದು ವರ್ಷ ಎರಡು ತಿಂಗಳಾಯಿತು. ಆ ಒಂದು ವರ್ಷ ಎರಡು ತಿಂಗಳು ನನ್ನದು.

ಅವಳು ಕೌಂಟರಿಗೆ ಬಂದಳೆಂದು ತಿಳಿದ ಮೇಲೆ ಒಂದು ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಮನೆಯಿಂದ ಹೊರಟಾಗಿನಿಂದ ಮಾತು ಜೋಡಿಸಿಕೊಂಡೆ. ಸಾಲಿನಲ್ಲಿ ನನ್ನ ಮುಂದೆ ಒಂಬತ್ತು ಜನ. ಯಾರೂ ಅವಳನ್ನು ಎರಡನೆಯ ಸಲ ನೋಡಲಿಲ್ಲ. ಒಬ್ಬ ಚಿಲ್ಲರೆಗಾಗಿ ರೇಗಿದ, ಅವಳೂ ಅಷ್ಟೇ ರೇಗಿದಳು, ಅವನ ಮುಖಕ್ಕೆ ಮುಖ ಕೊಟ್ಟು. ನನ್ನ ಸರದಿ ಬಂತು. ಹತ್ತಿರದಿಂದ ನೋಡಿದೆ. ಎಡಗಣ್ಣು ಯಾವುದೆಂದು ಗೊತ್ತಿದ್ದೂ ನನಗೆ ವ್ಯತ್ಯಾಸ ಕಾಣಲಿಲ್ಲ.

"ಸರ್, ನೀವಾ" ಎಂದು ಅವಳ ಮುಖ ಅರಳಿತು. "ಎಲ್ಲಿಗೆ?"

ಬಾಯಿಗೆ ಬಂದ ಊರಿನ ಹೆಸರು ಹೇಳಿದೆ. ಆಮೇಲೆ, "ಒಂದು ಮಾತು ಹೇಳ್ಬೇಕಿತ್ತು ನಿಮಗೆ" ಅಂದೆ.

"ನಾನೂ ಹೇಳ್ಬೇಕು ಸರ್" ಅಂದಳು ಅವಳು ಟಿಕೆಟ್ ಹರಿಯುತ್ತಾ. "ಎಷ್ಟೋ ಜನಕ್ಕೆ ಹೇಳಿದ್ದೀನಿ ನಿಮ್ಮಕ್ಕನ ವಿಷಯ. ಅಷ್ಟು ದೊಡ್ಡವರು, ನನ್ನಂಥೋಳ ಹತ್ರ ತಪ್ಪು ನಂದು ಅಂತ ಬಾಯ್ಬಿಟ್ಟು ಒಪ್ಕೊಂಡ್ರಲ್ಲ. ಯಾರು ಒಪ್ಕೋತಾರೆ ಸರ್ ಈ ಕಾಲದಲ್ಲಿ? ಅವರ ತಪ್ಪನ್ನ ನಾನು ಅವತ್ತೇ ಮರ್ತೆ ಅಂತ ಹೇಳಿ."

ಹಿಂದಿದ್ದವನು ಬೇಗ ಸರಿಯಿರಿ ಎಂದು ಭುಜ ತಟ್ಟಿದ.

"ಹೇಳ್ತೀನಿ" ಅಂದೆ. ಟಿಕೆಟ್ ತೆಗೆದುಕೊಂಡು ಈಚೆ ಬಂದೆ. ಅಕ್ಕನಿಗೆ ಅದನ್ನು ಇವತ್ತಿನವರೆಗೂ ಹೇಳಿಲ್ಲ.